ಮಗ್ಗದಲ್ಲಿ ಕೂತು ಮಾಡಿದ ವ್ಯಾಯಾಮ

ನಮ್ಮತ್ತೆ ಚಿನ್ನಕ್ಕ ಸೋಮಂದೇಪಲ್ಲಿಯಲ್ಲಿ ಗುಂಡಿ ಮಗ್ಗದ ಮುಂದೆ ಕೂತು, ಕಾಲು ಗುಂಡಿಗೆ ಇಳಿಬಿಟ್ಟು ಹಲಗೆ ತುಳೀತಾ, ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದೋರು. ಹೋದ ವರ್ಷ ಇದ್ದಕ್ಕಿದ್ದಂಗೆ, "ಇನ್ನು ಮಗ್ಗಕ್ಕೆ ಕೂರಲ್ಲ, ಮಂಡಿ ನೋವು" ಅಂದ್ಬುಟ್ರು. ಮಾವ ನಂಬಿದ್ರು, ನಾನು ನಂಬಲಿಲ್ಲ. ಮಾಳಿಗೆ ಮೆಟ್ಟಿಲು ದಡದಡ ಹತ್ತೋರಿಗೆ ಎಂಥಾ ಮಂಡಿ ನೋವು? ಅಡುಗೆಮನೆಯಲ್ಲಿ ಅಡ್ಡ ನಿಂತು ಕೇಳಿದೆ. ಕೆಮ್ಮಿದರೆ, ಮಗ್ಗ ತುಳಿದರೆ ಮೂತ್ರ ಜಾರುತ್ತಂತೆ. ಯಾರದೋ ಮದುವೆ ಸೀರೆ ಮಡಿಲ ಮೇಲಿರುವಾಗ ಮೈಲಿಗೆಯಾದರೆ ಏನು ಗತಿ ಅಂತ ಎದ್ದುಬಿಟ್ಟಿದ್ರು. ಮಗ್ಗ ಬಿಟ್ಟ ಮೇಲೆ ಊಟವೂ ಸೇರ್ತಿರಲಿಲ್ಲ. ಇಷ್ಟು ದಿನ ಬಾಯಿ ಹೊಲ್ಕೊಂಡಿದ್ದಿರಾ ಅಂತ ರೇಗಾಡಿ, ಮಾರನೇ ದಿನವೇ ಹಿಂದೂಪುರದ ಬಸ್ಸು ಹತ್ತಿಸಿದೆ.

ಅಲ್ಲಿ ಫಿಸಿಯೋಥೆರಪಿ ಮಾಡೋ ತನುಜಾ ಮೇಡಂ ಪರೀಕ್ಷೆ ಮಾಡಿ, "ಪರ್ವಾಲೇದಮ್ಮಾ, ಭಯ ಬೇಡ, ಹೆರಿಗೆಗಳಿಂದ ಕೆಳಗಿನ ಸ್ನಾಯು ಸಡಿಲ ಆಗೈತೆ. ವ್ಯಾಯಾಮದಲ್ಲಿ ಬಿಗಿ ಆಗ್ತೈತೆ" ಅಂದ್ರು. ಮೂತ್ರ ತಡೆಯೋ ಹಂಗೆ ಆ ಸ್ನಾಯುವನ್ನ ಒಳಗೆ ಮೇಲಕ್ಕೆ ಎಳೆದು, ಐದು ಎಣಿಸಿ, ಸಡಿಲ ಬಿಡಬೇಕು. ದಿನಕ್ಕೆ ಮೂರು ಹೊತ್ತು.

ಎರಡು ತಿಂಗಳಾಯ್ತು. ವಾಸಿಯಾಗೋದಿರಲಿ, ಇನ್ನೂ ಜಾಸ್ತಿ ಆಯ್ತು. "ನನ್ನ ನೇಯ್ಗೆ ಮುಗೀತು ಬುಡಮ್ಮ" ಅಂದ್ರು ಅತ್ತೆ. ಮತ್ತೆ ಕರ್ಕೊಂಡು ಹೋದೆ.

"ಹೆಂಗೆ ಮಾಡ್ತೀರಿ, ತೋರಿಸಿ" ಅಂದ್ರು ಮೇಡಂ.

ಅತ್ತೆ ಕುರ್ಚಿಯಲ್ಲಿ ಕೂತು, ಉಸಿರು ಬಿಗಿಹಿಡಿದು, ಬಲಗಾಲು ಒತ್ತಿದ್ರು, ಎಡಗಾಲು ಒತ್ತಿದ್ರು. ಅಯ್ಯೋ ನಮ್ಮತ್ತೆ! ದಿನಾ ಖಾಲಿ ಮಗ್ಗದಲ್ಲಿ ಕೂತು, ಸೀರೆ ನೇಯೋ ತುಳಿತಕ್ಕೇ ವ್ಯಾಯಾಮ ಮಾಡ್ತಿದ್ರಂತೆ. ಕಾಲಿನ ಜೊತೆ ಹೊಟ್ಟೆಯೂ ಕೆಳಕ್ಕೇ ಒತ್ತುತಿತ್ತು. ಮೇಲಕ್ಕೆ ಎಳೀಬೇಕಾದ್ದನ್ನ ಎರಡು ತಿಂಗಳು ಕೆಳಕ್ಕೆ ತಳ್ಳಿದ್ರು.

ಮೇಡಂ ನಗಲಿಲ್ಲ. ಚಾಪೆ ಮೇಲೆ ಮಲಗಿಸಿ, ಅತ್ತೆಯ ಕೈನ ಅವರ ಹೊಟ್ಟೆ ಮೇಲೇ ಇಡಿಸಿ, ಉಸಿರು ಬಿಡ್ತಾ ಮೇಲಕ್ಕೆ ಎಳೆಯೋದು ಹೆಂಗೆ ಅಂತ ಹೊಸದಾಗಿ ಕಲಿಸಿದ್ರು. ಇದು ಸರಿಯಾಗಿ ಬರೋ ತನಕ ಮಗ್ಗದ ಹತ್ತಿರ ಹೋಗಬೇಡಿ ಅಂದ್ರು. ಅತ್ತೆ ಮುಖ ಊದಿಸ್ಕೊಂಡ್ರೂ ಮಾತು ಮೀರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದಿನ ಮಗ್ಗಕ್ಕೆ ಇಳಿದು, ಬೆಳಗ್ಗಿಂದ ಮಧ್ಯಾಹ್ನದವರೆಗೆ ನೇಯ್ದ್ರು. ಎರಡು ಸಲ ಕೆಮ್ಮಿದ್ದೂ ಕೇಳಿಸ್ತು. ಏಳಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ ಆಯ್ತು.

ಊಟಕ್ಕೆ ಬಂದೋರು, "ಗುರುವಾರ ಹಿಂದೂಪುರಕ್ಕೆ ಹೋಗಾನ, ರೆಡಿಯಾಗು" ಅಂದ್ರು.

"ವಾಸಿ ಆಯ್ತಲ್ಲತ್ತೆ, ಇನ್ಯಾಕೆ?"

"ನನಗಲ್ಲ ಕಣಮ್ಮ ಯಶೋದಾ, ನಿನಗೆ. ಎರಡನೇ ಹೆರಿಗೆ ಆದಾಗಿಂದ ದಿನಾ ನಿನ್ನ ಮೂರು ಮೂರು ಲಂಗ ಒಣಗಾಕ್ತಿರೋಳು ನಾನೇ."

ನಾನು ತಲೆ ಬಗ್ಗಿಸಿ ಹೂಂ ಅಂದೆ.