ಬಾಟಲಿ ಅಕ್ಕನ ಬಾಯಾರಿಕೆ

ಬೆಳಗಿನ ಆರು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ತಾಯಂದಿರು ಕೆಲಸಕ್ಕೆ ಹೊರಡುವ ಮೊದಲೇ ಬಾಗಿಲು ತಟ್ಟಬೇಕೆಂದು ಬಾಟಲಿ ಅಕ್ಕ ಬಿರಬಿರನೆ ನಡೆಯುತ್ತಿದ್ದಾರೆ; ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನೂ ಹಿಂದೆಯೇ ಇದ್ದೇನೆ. ಹೆಸರು ಕೇಳಿ ತಪ್ಪು ತಿಳಿಯಬೇಡಿ, ಆ ಬಾಟಲಿಯಲ್ಲಿರುವುದು ಬರೀ ನೀರು. ಆದರೆ ಇವತ್ತು ಚೀಲದ ಪಕ್ಕದ ಜೇಬು ಖಾಲಿ.

ಮಕ್ಕಳ ಬಡತನದ ಸಮೀಕ್ಷೆಯಲ್ಲಿ ಅವರದು ಹತ್ತೊಂಬತ್ತು ವರ್ಷದ ದುಡಿಮೆ. ದಿನಕ್ಕೆ ಎಂಟು ಮನೆ, ಮನೆಗೆ ನಲವತ್ತೆರಡು ಪ್ರಶ್ನೆ: ಮಗುವಿಗೆ ಕಾಲಿಗಾಗುವ ಚಪ್ಪಲಿ ಇದೆಯೇ, ಕೂತು ಓದಲು ಜಾಗವಿದೆಯೇ, ಕಳೆದ ವಾರ ಹಸಿದು ಮಲಗಿದ್ದುಂಟೇ. "ಯಾರ ಮನೇಲೂ ಒಂದು ಲೋಟ ನೀರು ಮುಟ್ಟಿದೋಳಲ್ಲ ನಾನು" ಎನ್ನುವುದು ಅವರ ಹೆಮ್ಮೆ.

ಈ ಬೀದಿಯಲ್ಲಿ ಬಡತನ ಕಣ್ಣಿಗೆ ಬೀಳುವುದಿಲ್ಲ. ಗೋಡೆಗೆ ಬಣ್ಣವಿದೆ, ಒಳಗೆ ಟೀವಿ ಇದೆ. ಬಾಯಿಬಿಟ್ಟು ಹೇಳಿದರಷ್ಟೇ ಲೆಕ್ಕ. ಹೋದ ತಿಂಗಳು ಅಕ್ಕ ಎರಡು ದಿನ ತಿರುಗಿ, ಇಲ್ಲಿನ ಹತ್ತು ಮನೆಗಳಲ್ಲೂ ಹಸಿವಿನ ಪ್ರಶ್ನೆಗೆ 'ಇಲ್ಲ' ಎಂದೇ ಬರೆದುಕೊಂಡು ಬಂದಿದ್ದರು. ಮರುಪರಿಶೀಲನೆಗೆ ಹೋದವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗಿ. ಅವಳಿಗೆ ಅದೇ ಹತ್ತರಲ್ಲಿ ನಾಲ್ಕು 'ಹೌದು' ಸಿಕ್ಕವು. ಮೇಲ್ವಿಚಾರಕರು ಅವಳನ್ನು ಎಲ್ಲರೆದುರು ಹೊಗಳಿ, ಇನ್ನೊಮ್ಮೆ ಹೀಗಾದರೆ ನಿಮ್ಮನ್ನು ಕಚೇರಿಯಲ್ಲೇ ಕೂರಿಸುತ್ತೇನೆ ಎಂದು ಅಕ್ಕನಿಗೆ ಹೇಳಿದರು.

"ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ? ಇಷ್ಟು ವರ್ಷ ಬಾಗಿಲು ತಟ್ಟಿದ್ದು ನಾನು, ಅವರು ಬಾಯಿ ಬಿಟ್ಟಿದ್ದು ಅವಳ ಹತ್ರ."

ಅವಳ ನಗು, ನಡಿಗೆ, ಕೊನೆಗೆ ಅವಳ ಕೈಬರಹವೂ ಅಕ್ಕನಿಗೆ ಕಂಡರಾಗದಂತಾಯಿತು. ಉತ್ತರವನ್ನು ತಾನೇ ಗೀಚಿಕೊಳ್ಳುತ್ತಾಳೆಂಬ ಗುಮಾನಿ ಬೇರೆ. ಕಲಿಸುವ ನೆಪ ಮಾಡಿಕೊಂಡು, ಕಳ್ಳಾಟ ಹಿಡಿಯಲೆಂದೇ, ಹೋದ ವಾರ ಜೊತೆಗೆ ಹೋದರು.

ಹುಡುಗಿ ಮೊದಲ ಮನೆಯಲ್ಲೇ ಮಗುವಿನ ಹತ್ತಿರ ಕುಡಿಯಲು ನೀರು ಕೇಳಿದಳು. ಎರಡನೆಯದರಲ್ಲೂ ಅದೇ. ನಾಚಿಕೆಗೆಟ್ಟವಳು ಎಂದು ಅಕ್ಕ ಒಳಗೊಳಗೇ ಬೈದುಕೊಂಡರು. ಮೂರನೆಯ ಮನೆಯಲ್ಲಿ ಮಗು ಲೋಟ ತರಲು ಒಳಗೆ ಓಡಿತು. ಆಗ ಹುಡುಗಿ ಹಸಿವಿನ ಪ್ರಶ್ನೆ ಕೇಳಿದಳು.

"ಎರಡು ದಿನ," ಎಂದರು ಆ ತಾಯಿ, ದನಿ ತಗ್ಗಿಸಿ. "ಬೇಗ ಮಲಗಿಸ್ಬಿಟ್ಟೆ."

ಲೋಟ ಬಂತು, ಮಾತು ನಿಂತಿತು. ಅಕ್ಕನಾದರೋ ಮಕ್ಕಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೇಳುತ್ತಿದ್ದವರು. ಮಗುವಿನ ಎದುರು ಯಾವ ತಾಯಿ ಅದನ್ನು ಒಪ್ಪಿಕೊಂಡಾಳು? ತಮ್ಮ ಲೆಕ್ಕದಿಂದ ಎಷ್ಟು ಮಕ್ಕಳು ಜಾರಿಹೋದರೋ ಎಂಬುದು ಅವರನ್ನು ಕೊರೆಯುತ್ತಿದೆ. ಇದು ತಮಗೆ ಹೊಳೆಯದೆ ಅವಳಿಗೆ ಹೊಳೆಯಿತಲ್ಲ ಎಂಬುದು ಇನ್ನೂ ಹೆಚ್ಚು ಕೊರೆಯುತ್ತಿದೆ.

ಇವತ್ತಿನ ಮೊದಲ ಬಾಗಿಲು. ಅಕ್ಕ ಗಂಟಲು ಸರಿಮಾಡಿಕೊಂಡು, "ಒಂದು ಲೋಟ ನೀರು ಕೊಡ್ತೀಯಾ ಮಗೂ?" ಎನ್ನುತ್ತಾರೆ. ಮಗು ಒಳಗೆ ಓಡುತ್ತದೆ. ಅಕ್ಕ ಹಸಿವಿನ ಪ್ರಶ್ನೆ ಕೇಳಿದಾಗ ತಾಯಿ ಒಮ್ಮೆ ಅಡುಗೆಮನೆಯತ್ತ ನೋಡಿ, ಮೆಲ್ಲಗೆ ಹೌದೆನ್ನುತ್ತಾರೆ. ಅಕ್ಕ ಗುರುತು ಹಾಕಿಕೊಂಡು, ಬಂದ ನೀರನ್ನು ಒಂದು ತೊಟ್ಟೂ ಬಿಡದೆ ಕುಡಿಯುತ್ತಾರೆ.

ಹೊರಬಂದ ಮೇಲೆ ಅವರದು ಒಂದೇ ಕೋರಿಕೆ.

"ಆ ಹುಡುಗಿ ನೋಡಿ ಕಲಿತೆ ಅಂತ ಪೇಪರಲ್ಲಿ ಬರೀಬೇಡಿ. ಬಾಟಲಿ ಮನೇಲಿ ಮರೆತು ಬಂದಿದ್ರು ಅಂತ ಬರೀರಿ."