ಗುಮಾಸ್ತರ ಪರೀಕ್ಷೆಯ ಹಾಳೆ

ಕಚೇರಿಗೆ ಪ್ರಿಂಟರ್ ಆರಿಸುವುದೆಂದರೆ ಹೆಡ್ ಗುಮಾಸ್ತರಿಗೆ ಮಗಳಿಗೆ ಗಂಡು ಹುಡುಕಿದಷ್ಟೇ ದೊಡ್ಡ ಕೆಲಸ. ಬಣ್ಣ, ವೇಗ ಯಾವುದನ್ನೂ ವಿಚಾರಿಸುವುದಿಲ್ಲ, "ನಮ್ಮ ಹಳೇ ಕಂಪ್ಯೂಟರ್ ಜೊತೆ ಹೊಂದ್ಕೊಂಡು ಹೋಗತ್ತೇನಯ್ಯಾ?" ಎನ್ನುವುದೊಂದೇ ಪ್ರಶ್ನೆ. ಮಾರಲು ಬಂದವನು "ಡ್ರೈವರ್ ಹಾಕಿದ್ರೆ ಆಯ್ತು ಸಾರ್" ಎಂದರೆ, "ಹಾಗಂದವರು ನಿನಗಿಂತ ಮುಂಚೆ ಎಷ್ಟೋ ಜನ ಬಂದು ಹೋದ್ರು" ಎಂದು ಕುರ್ಚಿ ತೋರಿಸುತ್ತಾರೆ. ಆಮೇಲೆ ಕನ್ನಡಕ ಒರೆಸಿಕೊಂಡು, ಯಾವಾಗಲೂ ಅದೇ ಒಂದು ಪುಟವನ್ನು ಪ್ರಿಂಟಿಗೆ ಕಳಿಸುತ್ತಾರೆ. ಅಕ್ಷರದ ಬದಲು ಚೌಕ, ಚುಕ್ಕಿ ಉದುರಿದರೆ ಯಂತ್ರ ಬಂದ ದಾರಿಯಲ್ಲೇ ವಾಪಸ್ಸು. "ಇವರಿಗೆ ಅಳಿಯ ಬೇಕಾದ್ರೂ ಸಿಕ್ಕಾನು, ಪ್ರಿಂಟರ್ ಸಿಗಲ್ಲ" ಎಂದು ಟೈಪಿಸ್ಟಮ್ಮ ಛೇಡಿಸಿದರೂ ಅವರು ಜಗ್ಗುವವರಲ್ಲ. ಮೊನ್ನೆ ಏಳನೆಯ ಯಂತ್ರ ಆ ಪುಟವನ್ನು ದುಂಡಗೆ, ಒಂದು ಒತ್ತಕ್ಷರವೂ ಕೆಡದಂತೆ ಹೊರಗೆ ಹಾಕಿತು. ಟೈಪಿಸ್ಟಮ್ಮ ಎತ್ತಿ ಓದಿದರು: ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ, ಕೂಡಲೇ ರಜೆ ಕೊಡಬೇಕು. ತಾರೀಖು ಇಪ್ಪತ್ತೆರಡು ವರ್ಷ ಹಳೆಯದು. "ಅವತ್ತು ಬರೀ ಚೌಕ ಬಂತಮ್ಮ. ಕೈಯಲ್ಲಿ ಬರೆದದ್ದು ನಡೆಯಲ್ಲ ಅಂದ್ರು ಸಾಹೇಬ್ರು. ನಾನು ಹೋಗೋ ಹೊತ್ತಿಗೆ ಮಗಳು ಅತ್ತು ಅತ್ತು ಮಲಗಿಬಿಟ್ಟಿದ್ಲು" ಎಂದು ಗುಮಾಸ್ತರು ಹಾಳೆಯನ್ನು ಈಸಿಕೊಂಡು, ಸಾಹೇಬರ ಸಹಿಯ ಖಾಲಿ ಜಾಗವನ್ನು ಬೆರಳಿನಿಂದ ಒಮ್ಮೆ ಸವರಿ, "ಈ ಪ್ರಿಂಟರನ್ನೇ ಇಟ್ಕೊಳ್ಳೋಣ" ಎಂದರು.