ಬೋರಲು ಹಾಕಿದ ಅಡಿಗಲ್ಲುಗಳು

ಹೋದ ತಿಂಗಳು ನಮ್ಮೂರು ಹಡಗಲಿಯ ಆಸ್ಪತ್ರೆಗೆ ಪರಿಚಯದವರ ಮೊಮ್ಮಗುವನ್ನು ನೋಡಲು ಹೋಗಿದ್ದೆ. ಹೆರಿಗೆ ವಾರ್ಡಿನ ಹಿಂದೆ ಯಾರೋ ಹೆಣ್ಣುಮಗಳು ಎಳೆಗೂಸಿನ ಬಟ್ಟೆ ಒಗೆಯುತ್ತಿದ್ದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸಾಬೂನಿನ ನೀರು ಬಿದ್ದರೆ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಆ ಒಗೆಯುವ ಕಲ್ಲುಗಳ ಅಡಿಯಲ್ಲಿ ಏನಿದೆ ಎಂಬುದು ಊರಲ್ಲಿ ಈಗ ನನಗೊಬ್ಬನಿಗೇ ಗೊತ್ತಿರಬೇಕು. ಮೊದಲು ನಗು ಬಂತು. ಆಮೇಲೆ ನಮ್ಮ ಅಧ್ಯಕ್ಷರು ನೆನಪಾದರು...

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಹೈಸ್ಕೂಲಿನಲ್ಲಿ ಮೇಷ್ಟ್ರು, ಊರಿನ ಸೇವಾ ಸಂಘಕ್ಕೆ ಕಾರ್ಯದರ್ಶಿ. ನಮ್ಮ ಸಂಘಕ್ಕೊಂದು ಖಯಾಲಿ ಇತ್ತು. ವರ್ಷಕ್ಕೊಬ್ಬ ಅಧ್ಯಕ್ಷ, ಆತ ಅಧಿಕಾರ ವಹಿಸಿಕೊಂಡ ದಿನವೇ ಒಂದು ಅಡಿಗಲ್ಲು ಇಡಬೇಕು. ವಾಚನಾಲಯಕ್ಕೊಂದು, ಬಸ್ಸಿನ ತಂಗುದಾಣಕ್ಕೊಂದು, ಗರಡಿಮನೆಗೊಂದು. ಕಲ್ಲಿನ ಮೇಲೆ ಹೆಸರು ಕೆತ್ತಿಸಿ, ಹಾರ ಹಾಕಿಸಿಕೊಂಡು, ಫೋಟೊ ಹೊಡೆಸಿ, ಉಪ್ಪಿಟ್ಟು ತಿಂದರೆ ಆ ವರ್ಷದ ಸೇವೆ ಮುಗಿದ ಹಾಗೆ. ಮುಂದೆ ಬಂದವನು ಹಿಂದಿನವನ ಕಲ್ಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದರು. ಇನ್ನೊಂದರ ಮೇಲೆ ಮಲ್ಲಿಗೆ ಮಾರುವವಳು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಆ ಕಲ್ಲಿನಿಂದ ಅಷ್ಟಾದರೂ ಉಪಕಾರವಾಯಿತು ಅನ್ನಿ.

ವರ್ಷಕ್ಕೊಬ್ಬರು ಬಂದರೂ ನಾನು ಇವತ್ತಿಗೂ ನಮ್ಮ ಅಧ್ಯಕ್ಷರು ಎನ್ನುವುದು ಒಬ್ಬರನ್ನೇ. ಅವರದು ಪಾತ್ರೆ ಅಂಗಡಿ. ಮುಂಗೋಪಿ ಮನುಷ್ಯ, ಆದರೆ ಬೈದ ಮೇಲೆ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಕೊಡವಿರಲಿ, ತಂಬಿಗೆಯಿರಲಿ, ಗಿರಾಕಿಗೆ ಕೊಡುವ ಮುಂಚೆ ಉಂಗುರದ ಬೆರಳಿಂದ ಟಣ್ ಎಂದು ಬಡಿದು, ಕಿವಿಗೊಟ್ಟು ಕೇಳಿಯೇ ಕೊಡುತ್ತಿದ್ದರು. ಸಭೆಯಲ್ಲಿ ಯಾರಾದರೂ ದೊಡ್ಡ ದೊಡ್ಡ ಮಾತಾಡಿದರೆ ಮೇಜನ್ನು ಹಾಗೇ ಬಡಿದು, ಸಪ್ಪಳ ಸರಿ ಬರುತ್ತಿಲ್ಲವಲ್ಲ ಎನ್ನುತ್ತಿದ್ದರು. ಮಾತಾಡಿದವನು ಕೂತುಬಿಡುತ್ತಿದ್ದ.

ಅವರ ಸರದಿ ಬಂದಾಗ ಕಲ್ಲು ಇಡಲು ಒಪ್ಪಲಿಲ್ಲ. ಸಂಘದ ಗುರಿ ಏನೆಂದು ಮೊದಲು ನಿಶ್ಚಯಿಸೋಣ, ಎಲ್ಲರೂ ಹೆಂಡಂದಿರನ್ನು ಕರಕೊಂಡು ಬನ್ನಿ ಎಂದರು. ಫ್ಯಾನಿನ ಕೆಳಗೆ ಕೂತು ಮಂಡಕ್ಕಿ ಮಿರ್ಚಿ ತಿನ್ನುವ ಸಭೆ ಎಂದುಕೊಂಡಿದ್ದ ನಮ್ಮನ್ನು ಕರೆದದ್ದು ಆಸ್ಪತ್ರೆ ಅಂಗಳದ ಬೇವಿನ ಮರದ ಕೆಳಗೆ, ಸುಡುವ ಮಧ್ಯಾಹ್ನ. ಕುರ್ಚಿ ಇಲ್ಲ, ಜಮಖಾನೆ ಇಲ್ಲ. ಹೊಳಲು, ಮೈಲಾರದ ಕಡೆಯಿಂದ ಹೆರಿಗೆಗೆ ಬಂದವರ ತಾಯಂದಿರು, ಅತ್ತೆಯರು ಅದೇ ಮರದ ಕೆಳಗೆ ಮೂರು ಕಲ್ಲು ಹೂಡಿ ಗಂಜಿ ಕಾಯಿಸುತ್ತಿದ್ದರು. ನೆರಳು ಸರಿದಂತೆ ಅವರು ಗಂಟು ಎತ್ತಿಕೊಂಡು ಸರಿಯುತ್ತಿದ್ದರು. ಇಸ್ತ್ರಿ ಅಂಗಿಯ ನಾವೂ ಅವರ ಹಿಂದೆ ಸರಿದೆವು.

ಅಧ್ಯಕ್ಷರು ಎದ್ದು ನಿಂತು ಆಸ್ಪತ್ರೆಯ ಗೋಡೆ ತೋರಿಸಿದರು.

"ನಮ್ಮ ಮಗಳು ಹೆರಿಗಿ ಬ್ಯಾನಿ ತಿನ್ನೂವಾಗ ನಮ್ಮಾಕಿ ಮಳ್ಯಾಗ ಈ ಗ್ವಾಡಿಗೆ ಆತುಕೊಂಡು ನಿಂತಿದ್ಲು. ನನ್ನ ಅಂಗಡಿ ತುಂಬ ಪಾತ್ರಿ ಅದಾವು, ಆಕಿ ತಲಿ ಮ್ಯಾಲೆ ಒಂದು ಸೂರಿಲ್ಲ. ಹತ್ತು ಕೆಲಸ ಬ್ಯಾಡ್ರಿ. ಇವರಿಗೊಂದು ಮನಿ ಕಟ್ಟೂಣು. ಹಿಡಿದಿದ್ದು ಮುಗಿಸೂಣು."

ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ ಎಂಬುದನ್ನೂ ಅವರೇ ಹೇಳಿದರು. ತಮ್ಮ ಕಾಲಕ್ಕೆ ಗೋಡೆ, ಮುಂದಿನವರ ಕಾಲಕ್ಕೆ ಚಾವಣಿ, ಅದರ ಮುಂದಿನವರಿಗೆ ಬಾಗಿಲು ಮತ್ತು ನೀರು. ಮುಂದಿನ ಸರದಿ ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರದು, ಅವರ ನಂತರ ಲಾರಿ ಗ್ಯಾರೇಜಿನ ಸಾಬರದು. ಇಬ್ಬರೂ ತಲೆಯಾಡಿಸಿದರು. ಬಡಿಯಲು ಅಲ್ಲಿ ಮೇಜಿರಲಿಲ್ಲ. ಅಧ್ಯಕ್ಷರು ಚೀಲದಿಂದ ಹಿತ್ತಾಳೆ ತಟ್ಟೆ ತೆಗೆದು ಎಲೆ ಅಡಿಕೆ ಜೋಡಿಸಿದರು. ನಮ್ಮ ಕಡೆ ಹೆಣ್ಣು ಗೊತ್ತುಮಾಡುವಾಗ ಹಿರಿಯರ ಮುಂದೆ ಎಲೆ ಅಡಿಕೆ ಹಿಡಿದರೆ ಮುಗಿಯಿತು, ಮಾತು ತಪ್ಪಿದ ಮನೆಯವರು ತಲೆಯೆತ್ತಿ ಓಡಾಡುವ ಹಾಗಿಲ್ಲ. ಅದನ್ನೇ ಅವರು ಸಂಘಕ್ಕೆ ತಂದರು, ಅದೂ ಗಂಡ ಹೆಂಡತಿ ಇಬ್ಬರ ಕೈಗೂ. ನನಗಿನ್ನೂ ಮದುವೆಯಾಗಿರಲಿಲ್ಲ, ತಟ್ಟೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಗಂಡಸರೆಲ್ಲ ನಕ್ಕರು. ಮಿಲ್ಲಿನವರ ಹೆಂಡತಿ ಮಾತ್ರ ನಗದೆ, ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಗೋಡೆ ಎದ್ದವು. ಅಧ್ಯಕ್ಷರ ವರ್ಷ ಮುಗಿಯುತ್ತ ಬಂದಾಗ ಮಿಲ್ಲಿನವರ ತಲೆಯಲ್ಲಿ ಬೇರೆ ಹುಳ ಹೊಕ್ಕಿತು. ತಂದೆಯ ಹೆಸರಿನಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ಗಡಿಯಾರದ ಗೋಪುರ ಕಟ್ಟಿಸುತ್ತಾರಂತೆ, ಕಲ್ಲು ಆಗಲೇ ಕೆತ್ತನೆಗೆ ಹೋಗಿದೆಯಂತೆ ಎಂಬ ಸುದ್ದಿ ಬಂತು. ಅಧ್ಯಕ್ಷರು ಮಿಲ್ಲಿಗೆ ಹೋಗಿ ಜಗಳವಾಡಿ, ಸೋತು ಬಂದರು. ಗೋಪುರದ ಕಲ್ಲು ಬಿದ್ದರೆ ನಮ್ಮ ಬೋಳು ಗೋಡೆಗಳ ನಡುವೆ ದನ ಮಲಗುವುದು ಖಂಡಿತ. ಆ ವಾರ ಅವರು ಅಂಗಡಿಯಲ್ಲಿ ಪಾತ್ರೆ ಬಡಿಯದೆ ಹಾಗೇ ಕೊಡುತ್ತಿದ್ದರು.

ಅಧಿಕಾರ ಹಸ್ತಾಂತರದ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಕಲ್ಲು, ಅದಕ್ಕೆ ಹಾರ. ಮಿಲ್ಲಿನವರು ಗಂಟಲು ಸರಿಮಾಡಿಕೊಂಡು ಗೋಪುರ ಎಂದರೋ ಇಲ್ಲವೋ, ಹೆಂಗಸರ ಸಾಲಿನಿಂದ ಅವರ ಹೆಂಡತಿ ಎದ್ದು ನಿಂತರು.

"ಎಲಿ ಅಡಿಕಿ ನಾನೂ ಹಿಡಿದೀನ್ರಿ. ಮದುವಿಗೆ ಬಂದ ಮಗ ಮನ್ಯಾಗ ಅದಾನ. ಮಾತು ಮುರಿದ ಮನಿಗೆ ಹೆಣ್ಣು ಯಾರು ಕೊಡ್ತಾರ?"

ಮಿಲ್ಲಿನವರು ಟವೆಲಿನಿಂದ ಮುಖ ಒರೆಸಿಕೊಂಡರು, ಹೆಂಡತಿಯ ಕಡೆ ನೋಡಿದರು, ಮತ್ತೆ ಒರೆಸಿಕೊಂಡರು. ಕೊನೆಗೆ, ಚಾವಣಿ ನನ್ನದು ಎಂದರು. ಮೊದಲು ಚಪ್ಪಾಳೆ ಹೊಡೆದವರು ಗ್ಯಾರೇಜಿನ ಸಾಬರು. ಆಮೇಲೆ ಯಾರು ಹೊಡೆದರು, ಯಾರು ಬಿಟ್ಟರು ಗೊತ್ತಾಗಲಿಲ್ಲ, ಸಭಾಂಗಣವೇ ಎದ್ದು ನಿಂತಿತ್ತು. ನಮ್ಮ ಅಧ್ಯಕ್ಷರು ಮೇಜನ್ನು ಟಣ್ ಎಂದು ಬಡಿದು ಕಣ್ಣೊರೆಸಿಕೊಂಡರು.

ಕೆತ್ತಿಸಿದ ಕಲ್ಲನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಬಾಣಂತಿಯರ ಬಟ್ಟೆ ಒಗೆಯಲು ಕಲ್ಲು ಬೇಕೇ ಬೇಕಲ್ಲ ಎಂದರು ಅಧ್ಯಕ್ಷರು. ಒಂದು ಹೋದಮೇಲೆ ಉಳಿದವು ಯಾಕೆ ಬಿಡಬೇಕು ಎಂದು ಮಿಲ್ಲಿನವರೇ ತಮ್ಮ ಲಾರಿ ಕೊಟ್ಟು ಊರಿನ ಅಡಿಗಲ್ಲುಗಳನ್ನೆಲ್ಲ ತರಿಸಿದರು. ಹೆಸರುಗಳು ಕೆಳಗೆ, ನುಣುಪಾದ ಮೈ ಮೇಲೆ ಮಾಡಿ ಹಾಸಿದೆವು. ಮಾಜಿ ಅಧ್ಯಕ್ಷರು ಕೆಲವರು ಮುಖ ಊದಿಸಿಕೊಂಡರು, ಆದರೆ ಒಗೆಯಲು ಅಂಥ ಕಲ್ಲು ತಾಲ್ಲೂಕಿನಲ್ಲಿ ಇರಲಿಲ್ಲ.

ಮೂರನೆಯ ವರ್ಷ ಸಾಬರು ಲಾರಿಯ ತಗಡಿನಿಂದ ಬಾಗಿಲು ಮಾಡಿಸಿ, ನಲ್ಲಿ ಹಾಕಿಸಿದರು. ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಹಿಂದಿನ ಸಂಜೆ ಬಾಗಿಲಿಗೆ ಕೆಂಪು ಟೇಪು ಕಟ್ಟುತ್ತಿದ್ದಾಗ ಮೈಲಾರದ ಕಡೆಯಿಂದ ಒಂದು ಗಾಡಿ ಬಂತು. ಮಗಳನ್ನು ಆಸ್ಪತ್ರೆಯೊಳಗೆ ಕಳಿಸಿ, ಮುದುಕಿಯೊಬ್ಬಳು ಮೋಡ ನೋಡುತ್ತ ಅದೇ ಗೋಡೆಗೆ ಆತುಕೊಂಡು ನಿಂತಳು. ಅಧ್ಯಕ್ಷರು ಯಾರನ್ನೂ ಕೇಳಲಿಲ್ಲ. ಟೇಪು ಕಿತ್ತು, ಒಳಗೆ ಬಾರವ್ವ ಎಂದರು.

ಮರುದಿನ ಅಧಿಕಾರಿ ಬಂದಾಗ ಒಳಗೆ ಗಂಜಿ ಕುದಿಯುತ್ತಿತ್ತು, ಕಲ್ಲಿನ ಮೇಲೆ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು. ನಮ್ಮ ಕೆಂಪು ಟೇಪು ರಾತ್ರಿಯಷ್ಟೇ ಹುಟ್ಟಿದ ಮುದುಕಿಯ ಮೊಮ್ಮಗಳ ಸೀರೆಜೋಲಿಗೆ ಬಿಗಿದಿತ್ತು. ಕತ್ತರಿ ಹಿಡಿದು ನಿಂತ ಅಧಿಕಾರಿಗೆ ಅಧ್ಯಕ್ಷರು ಕೈಮುಗಿದರು.

"ಉದ್ಘಾಟನಿ ನಿನ್ನೆನ ಆತ್ರಿ ಸಾಹೇಬ್ರ. ಈ ಕೂಸು ಮಾಡೈತಿ."

ಅಧಿಕಾರಿ ನಕ್ಕು, ಕತ್ತರಿ ನನ್ನ ಕೈಗಿತ್ತು, ಜೋಲಿ ತೂಗಿದರು. ನನ್ನ ಆಯುಷ್ಯದಲ್ಲಿ ಅಷ್ಟು ಎದೆಯುಬ್ಬಿಸಿ ನಿಂತ ದಿನ ಇನ್ನೊಂದಿಲ್ಲ.

ಅಧ್ಯಕ್ಷರು ತೀರಿಕೊಂಡು ಬಹಳ ಕಾಲವಾಯಿತು. ಪಾತ್ರೆ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ನಾವು ಕಟ್ಟಿದ ಮನೆ ಮಾತ್ರ ಗಟ್ಟಿಯಾಗಿದೆ. ಇದನ್ನು ಕಟ್ಟಿಸಿದ್ದು ಯಾರು ಗೊತ್ತೇನವ್ವ ಎಂದು ಬಟ್ಟೆ ಒಗೆಯುವವಳನ್ನು ಕೇಳಿದೆ. ಯಾರೋ ಪುಣ್ಯಾತ್ಮರು ಎಂದು ಹಿಂಡುತ್ತಲೇ ಹೇಳಿದಳು. ಕಲ್ಲು ಇಟ್ಟ ಅಧ್ಯಕ್ಷರ ಹೆಸರುಗಳಾದರೂ ಮಣ್ಣಿಗೆ ಮುಖ ಮಾಡಿ ಅವಳ ಕಾಲಡಿಯಲ್ಲಿವೆ. ಅವರದು ಅಲ್ಲಿಯೂ ಇಲ್ಲ, ಅವರು ಕಲ್ಲೇ ಇಡಲಿಲ್ಲವಲ್ಲ...

ಹೊರಡುವಾಗ ತಗಡಿನ ಬಾಗಿಲನ್ನು ಉಂಗುರದ ಬೆರಳಿಂದ ಬಡಿದೆ. ಸಪ್ಪಳ ಸರಿಯಾಗಿಯೇ ಇತ್ತು. ಕೇಳಲು ಅವರಿರಬೇಕಿತ್ತು.